ಎಡಕ್ಕೆ ವಾಲಿದ ಕಲ್ಲು

ಚಳಿ ಇಳಿದು ನೆಲ ಸಡಿಲವಾಗುವ ಕಾಲ. ಗಾರೆಯಿಲ್ಲದೆ ಬರೀ ಕಲ್ಲಿನಲ್ಲಿ ಕಟ್ಟಿದ ಗೋಡೆಗಳು ಆಗ ಅಲ್ಲಲ್ಲಿ ಹೊಟ್ಟೆ ಬಿಡುತ್ತವೆ. ಕುರಿದೊಡ್ಡಿಯ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ ಮೊಮ್ಮಗಳು ಮೇಲ್ಸಾಲಿನ ಕಲ್ಲುಗಳನ್ನು ಎಡಕ್ಕೆ ವಾಲಿಸಿ ಒಂದೊಂದಾಗಿ ಕೂರಿಸುತ್ತಿದ್ದಳು. ಅಜ್ಜಿ ಬಿಸಿಲಿಗೆ ಬೆನ್ನೊಡ್ಡಿ ಕೂತು ತಪ್ಪು ಹುಡುಕುತ್ತಿದ್ದಳು.

ಊರಿನ ಉಳಿದ ಗೋಡೆಗಳದೆಲ್ಲ ಬಲಕ್ಕೆ ವಾಲು. ಅಜ್ಜಿಯ ಅಪ್ಪ ಎಡಚ. ಅವನು ಕಲಿಸಿದಂತೆ ಅವನ ತಮ್ಮ ಕಲಿತ, ತಮ್ಮನಿಂದ ಅಜ್ಜಿ, ಅಜ್ಜಿಯಿಂದ ಮೊಮ್ಮಗಳು. ಮೂವರೂ ಬಲಗೈಯವರೇ. ಇದು ತಿರುಗುಮುರುಗು ಎಂದು ತಿಳಿಯುವಷ್ಟರಲ್ಲಿ ಕೈ ಪಳಗಿಬಿಟ್ಟಿತ್ತು. ಊರವರು ಮನೆತನಕ್ಕೇ ಎಡವಟ್ಟಿನವರು ಎಂದು ಹೆಸರಿಟ್ಟಿದ್ದರು.

ದೂರದ ಹೊಳೆಯಲ್ಲಿ ಚಿನ್ನ ಸಿಕ್ಕಿತೆಂದು ಊರಿಗೂರೇ ಗುಳೆ ಎದ್ದ ವರ್ಷ ಆ ಎಡಚ ಮೂರು ತಿಂಗಳ ಕೂಸನ್ನು ಬಿಟ್ಟು ಹೋದವನು ಮರಳಲಿಲ್ಲ. ಚಿನ್ನ ಸಿಕ್ಕಿ ಬೇರೆ ಸಂಸಾರ ಹೂಡಿದನೆಂದು ಜನ ಆಡಿಕೊಂಡರು. ಅವನ ಹೆಂಡತಿ ಅದನ್ನೇ ನಂಬಿ ಕಣ್ಣು ಮುಚ್ಚಿದಳು. ಆ ಕೂಸಿಗೆ ಈಗ ಎಂಬತ್ತೇಳು.

"ಸತ್ತನೋ, ಮರೆತನೋ, ಅಷ್ಟು ತಿಳ್ಕೊಂಡು ಬಾರೇ," ಎಂದಳು ಅಜ್ಜಿ. "ಮರೆತಿದ್ರೆ ಮರೆತಿದ್ದ ಅಂತ್ಲೇ ಹೇಳು. ಬೆಲ್ಲ ಸವರಬೇಡ."

ದೊಡ್ಡಿಯ ಕೆಲಸ ಮುಗಿಸಿ ಮೊಮ್ಮಗಳು ಹೊರಟಳು. ಹೊಳೆಯ ದಂಡೆಯ ಪಟ್ಟಣದಲ್ಲಿ ಮುದಿ ಗುಮಾಸ್ತ ನಾಲ್ಕು ದಪ್ಪ ಪುಸ್ತಕ ತಿರುವಿಹಾಕಿದ. ಚಿನ್ನ ತೋಡಲು ಜಾಗ ಹಿಡಿದವರ ಹೆಸರು ಸಾವಿರಾರು ಇದ್ದವು, ಎಡಚನದು ಇರಲಿಲ್ಲ. ಕೂಲಿಗೆ ಮರಳು ತೊಳೆದವರನ್ನು ಯಾರೂ ಬರೆದಿಟ್ಟಿರಲಿಲ್ಲವಂತೆ. ಹೊಳೇಲಿ ಹುಣಸೆ ತೊಳೆದ ಹಾಗಾಯ್ತಲ್ಲಮ್ಮಾ ನಿನ್ನ ಪ್ರಯಾಣ ಎಂದು ಅವನು ಮರುಗಿದ.

ಬಂದದ್ದು ಬಂದಾಯಿತು ಎಂದು ಅವಳು ಹೊಳೆಗುಂಟ ಎರಡು ದಿನ ಕೆಳಗೆ ನಡೆದಳು. ದಾರಿಯುದ್ದಕ್ಕೂ ಚಿನ್ನ ಸೋಸಿ ಎಸೆದ ಗುಂಡುಕಲ್ಲಿನ ರಾಶಿ. ಮೂರನೆಯ ದಿನ, ಹಣ್ಣಿನ ತೋಟವೊಂದರ ಅಂಚಿನಲ್ಲಿ ಅವಳ ಕಾಲುಗಳು ನಿಂತವು. ಉದ್ದನೆಯ ಗೋಡೆ. ಮೇಲ್ಸಾಲಿನ ಕಲ್ಲುಗಳೆಲ್ಲ ಎಡಕ್ಕೆ ವಾಲಿದ್ದವು. ಮೂವತ್ತಮೂರು ಮಾರು ನಡೆದು ಗೋಡೆ ತಟಕ್ಕನೆ ನಿಂತಿತ್ತು. ಮುಂದಕ್ಕೆ ಮುಳ್ಳಿನ ಬೇಲಿ.

ಕೊಂಬೆ ಸವರುತ್ತಿದ್ದ ತೋಟದೊಡತಿ, ಅರವತ್ತರ ಹೆಂಗಸು, ಕತ್ತರಿ ಕೆಳಗಿಟ್ಟು ಬಂದಳು. ಅವಳ ತಾತ ಹೇಸರಗತ್ತೆ ಸಾಕುತ್ತಿದ್ದನಂತೆ. ಮರಳು ತೊಳೆಯುವವನೊಬ್ಬ ಬರಿಗೈಯಲ್ಲಿ ಬಂದ. ತಣ್ಣೀರಿನಲ್ಲಿ ನಿಂತೂ ನಿಂತೂ ಕಾಲು ಬಾತಿತ್ತು, ಕಣಿವೆ ದಾಟಿ ಊರಿಗೆ ಮರಳುವ ಶಕ್ತಿ ಇರಲಿಲ್ಲ. ನಲವತ್ತು ಮಾರು ಗೋಡೆಗೆ ಒಂದು ಹೇಸರಗತ್ತೆ ಎಂದು ಮಾತಾಯಿತು. ಮೂವತ್ತಮೂರಕ್ಕೆ ಬರುವಷ್ಟರಲ್ಲಿ ಜ್ವರ ಅವನನ್ನು ಹೊಡೆದುಕೊಂಡು ಹೋಯಿತು. ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಊರು ಯಾವುದೆಂದು ಕೇಳಿಟ್ಟುಕೊಳ್ಳಲಿಲ್ಲವಲ್ಲಾ ಎಂದು ತಾತ ಸಾಯುವತನಕ ಪೇಚಾಡಿದ. ಬಾಕಿ ಗೋಡೆಯನ್ನು ಬೇರೆಯವರಿಂದ ಕಟ್ಟಿಸಲೂ ಬಿಡಲಿಲ್ಲ.

"ಯಾಕೆ ಅಷ್ಟು ಆತುರ ಅಂತ ತಾತ ಕೇಳಿದ್ರಂತೆ," ಎಂದಳು ತೋಟದೊಡತಿ. "ಮಗಳಿಗೆ ಹಲ್ಲು ಬರೋದ್ರೊಳಗೆ ಮನೆ ಸೇರ್ಬೇಕು ಅಂದ್ರಂತೆ."

ಮೊಮ್ಮಗಳು ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿ ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಹೇಳಿದಳು.

"ಹಲ್ಲು ಬಂದು, ಬಿದ್ದೂ ಹೋದ್ವಲ್ಲಪ್ಪಾ," ಎಂದಳು ಅಜ್ಜಿ. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಇನ್ನು ಏಳೇ ಮಾರಲ್ವಾ? ಮುಗಿಸೇ ಬಾ. ಬುನಾದಿ ಕಲ್ಲು ಸಣ್ಣದಿಡಬೇಡ."

ಒಂಬತ್ತು ದಿನ ಹಿಡಿಯಿತು. ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂಬುದು ಕಲ್ಲಿನ ಪಾಚಿಯಿಂದಲೇ ಗೊತ್ತಾಗಬೇಕು. ಹತ್ತನೆಯ ಬೆಳಿಗ್ಗೆ ತೋಟದೊಡತಿ ಹಣ್ಣಿನ ಬುಟ್ಟಿ ಹೊರುತ್ತಿದ್ದ ಹೇಸರಗತ್ತೆಯನ್ನು ಹಿಡಿದುಕೊಂಡು ಬಂದು ಹಗ್ಗ ನೀಡಿದಳು.

"ಇದನ್ನ ಬಸ್ಸಿಗೆ ಹತ್ತಿಸ್ಕೊಳ್ಳಲ್ವಲ್ಲಮ್ಮಾ," ಎಂದಳು ಮೊಮ್ಮಗಳು.

"ನಿಮ್ಮ ಮುತ್ತಜ್ಜ ಬಸ್ಸಿಗೆ ಹತ್ತಿಸೋಕೆ ಕೇಳಿದ್ರಾ? ನೀವೇ ಇದರ ಮೇಲೆ ಹತ್ತಿ. ನಮ್ಮ ತಾತನ ಮಾತು ಇವತ್ತಿಗೆ ಚುಕ್ತಾ."

ಮೊಮ್ಮಗಳು ಹಗ್ಗ ತೆಗೆದುಕೊಂಡಳು. ಹೇಸರಗತ್ತೆ ಎರಡು ಸಲ ಮೊಂಡುಬಿದ್ದು, ಮೂರನೆಯ ಸಲಕ್ಕೆ ಕಣಿವೆಯ ಕಡೆ ಹೆಜ್ಜೆ ಹಾಕಿತು.