ಹಿರಿಯಕ್ಕನ ಬಿ.ಪಿ.

ಬೇಕರಿಯ ವ್ಯಾನು ಏರಿನ ಅರ್ಧಕ್ಕೆ ಬಂದು ಮತ್ತೆ ಬಿಕ್ಕಳಿಸತೊಡಗಿದಾಗ ಸೊಸೆಯ ಜೀವ ಬಾಯಿಗೆ ಬಂತು. ಸ್ಟಿಯರಿಂಗ್ ಹಿಡಿದಿದ್ದ ಮಾವ ಮಾತ್ರ ಹಟಮಾರಿ ಮಗುವನ್ನು ಪುಸಲಾಯಿಸುವವರಂತೆ, “ಬಾ ತಾಯಿ, ಬಾ, ಇನ್ನೊಂಚೂರು...” ಎನ್ನುತ್ತಿದ್ದರು. ವ್ಯಾನು ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನ್ ಹೊಡೆಯಲು ಹೋಗಿ, ಇವರನ್ನು ಗುರುತಿಸಿ, ಕೈಬೀಸಿ ಬಳಸಿಕೊಂಡು ಹೋದ. ಅವನಿಗೂ ಇದು ರೂಢಿಯಾಗಿಬಿಟ್ಟಿತ್ತು.

“ಬೇಜಾರು ಮಾಡ್ಕೋಬೇಡಮ್ಮ,” ಎಂದರು ಮಾವ. “ಹೃದಯ ಬದಲಾಯಿಸಿದ ಮೇಲೆ ಮೈಗೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಡ್ವಾ?”

ಸೊಸೆ ಕೆಳಗಿಳಿದಳು. ಆ ಹೃದಯ ಬದಲಾಯಿಸಿದವಳು ಅವಳೇ.

ಮನೆಯವರೆಲ್ಲ ಈ ವ್ಯಾನನ್ನು ಹಿರಿಯಕ್ಕ ಎಂದು ಕರೆಯುತ್ತಿದ್ದರು. ಮಕ್ಕಳು ಹುಟ್ಟುವ ಮೊದಲೇ ಮಾವ ಅದನ್ನು ಮನೆಗೆ ತಂದಿದ್ದರಿಂದ ಆ ಹೆಸರು. ಹಳೆಯ ಎಂಜಿನ್ ಕೊನೆಗೊಮ್ಮೆ ಕೈಕೊಟ್ಟಾಗ ಮಾವ ಊಟ ಬಿಡುವುದೊಂದು ಬಾಕಿ. ಅತ್ತೆ, “ಗುಜರಿಗೆ ಹಾಕಿ, ಹೊಸದು ತಗೊಳ್ಳಿ,” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಸೊಸೆ ಆಗಿನ್ನೂ ಮದುವೆಯಾಗಿ ಬಂದ ಹೊಸತು. ಮಾವನ ಮುಖ ನೋಡಲಾರದೆ, “ನಾನು ಬೇರೆ ಎಂಜಿನ್ ಕೂರಿಸಿಕೊಡ್ತೀನಿ ಮಾವ,” ಎಂದು ಮಾತು ಕೊಟ್ಟುಬಿಟ್ಟಿದ್ದಳು. ಅಪಘಾತವಾಗಿ ಮೂಲೆಗೆ ಬಿದ್ದಿದ್ದ ಒಂದು ಕಾರಿನ ಎಂಜಿನ್ ತಂದು, ರಜೆಯ ದಿನಗಳನ್ನೆಲ್ಲ ಸುರಿದು ಕೂರಿಸಿದಳು. ಹಳೆಯ ಎಂಜಿನ್ ಪೆಟ್ರೋಲನ್ನು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಹೊಸದಕ್ಕೆ ಜೋರಾದ ಒತ್ತಡದಲ್ಲಿ ಚಿಮ್ಮಿಸಿಯೇ ಕೊಡಬೇಕು. ಅದಕ್ಕೆಂದು ಟ್ಯಾಂಕಿನೊಳಗೆ ಬಲವಾದ ಪಂಪನ್ನೂ ಇಳಿಸಿದ್ದಳು. ಮೊದಮೊದಲು ಹಿರಿಯಕ್ಕ ಹದಿನೆಂಟರ ಹುಡುಗಿಯಂತೆ ಓಡಿದ್ದಳು. ಈಗ ನೋಡಿದರೆ ಸಮತಟ್ಟಾದ ದಾರಿಯಲ್ಲಿ ಸರಿ, ಬ್ರೆಡ್ಡು ತುಂಬಿಕೊಂಡು ಏರು ಹತ್ತಬೇಕೆಂದರೆ ಮೊಂಡು.

ಆ ದಿನವೂ ಇಬ್ಬರೂ ಟ್ರೇಗಳನ್ನು ಕೈಯಲ್ಲೇ ಹೊತ್ತು ಮೇಲಿನ ಬೀದಿಯ ಅಂಗಡಿಗೆ ಮುಟ್ಟಿಸಿದರು. ವಾಪಸು ಬಂದು ಕೀ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹಿರಿಯಕ್ಕ ಸ್ಟಾರ್ಟ್ ಆದಳು.

ಮಧ್ಯಾಹ್ನ ಸೊಸೆ ವ್ಯಾನನ್ನು ಬೇಕರಿಯ ಒಲೆಯಿಂದ ದೂರ, ಹಿತ್ತಲಿನ ಗೋಡೆಯ ಪಕ್ಕಕ್ಕೆ ತಳ್ಳಿಸಿ ನಿಲ್ಲಿಸಿದಳು. ಫಿಲ್ಟರ್ ಆಗಲೇ ಬದಲಾಯಿಸಿದ್ದಳು. ಪಂಪಿಗೆ ಹೋಗುವ ಕರೆಂಟು ಸರಿಯಾಗಿತ್ತು. ಪ್ಲಗ್ಗುಗಳು ಚೊಕ್ಕವಾಗಿದ್ದವು. ಇನ್ನು ಅಂದಾಜಿನಲ್ಲಿ ಕೈಯಾಡಿಸಿದರೆ ಪ್ರಯೋಜನವಿಲ್ಲವೆಂದು ಗ್ಯಾರೇಜಿನಿಂದ ಒತ್ತಡ ತೋರಿಸುವ ಗೇಜ್ ತಂದು, ಎಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಜೋಡಿಸಿದಳು. ಅದರ ಉದ್ದನೆಯ ಕೊಳವೆಯನ್ನು ಬಾನೆಟ್ಟಿನ ಸಂದಿಯಿಂದ ಹೊರಗೆಳೆದು, ಗುಂಡನೆಯ ಮುಖವನ್ನು ಮುಂದಿನ ಗಾಜಿನ ಮೇಲೆ ಹೊರಗಿನಿಂದ ಟೇಪು ಹಾಕಿ ಅಂಟಿಸಿದಳು. ಒಳಗೆ ಕೂತೇ ಮುಳ್ಳು ನೋಡಬಹುದಿತ್ತು. ಆದರೆ ನೋಡುವವರು ಯಾರು? ಮಾವನಿಗೆ ಕನ್ನಡಕ ಹಾಕಿದರೂ ಅಷ್ಟಕ್ಕಷ್ಟೆ. ಗಂಡ ಒಲೆ ಬಿಟ್ಟು ಬರುವಂತಿರಲಿಲ್ಲ.

“ನಾನು ಬರ್ತೀನಿ,” ಎಂದರು ಅತ್ತೆ, ಹಿತ್ತಲ ಬಾಗಿಲಲ್ಲಿ ನಿಂತು.

ಅತ್ತೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಅವರು ವಾರ್ಡಿಗೆ ಕಾಲಿಟ್ಟರೆ ನರಳುವವರೂ ಮೆಲ್ಲಗೆ ನರಳುತ್ತಾರೆ ಎಂದು ಮಾವ ತಮಾಷೆ ಮಾಡುತ್ತಿದ್ದರು. ಬೈದವರಲ್ಲ, ಜರೆದವರಲ್ಲ. ಆದರೂ ಅವರ ಜೊತೆ ಏನು ಮಾತಾಡಬೇಕೆಂಬುದು ಸೊಸೆಗೆ ಇನ್ನೂ ತಿಳಿದಿರಲಿಲ್ಲ.

“ನಿಮಗೆ ರಜ ಇರೋದೇ ಇವತ್ತೊಂದು ದಿನ ಅತ್ತೆ...”

“ಮುಳ್ಳು ನೋಡೋದು ತಾನೇ? ದಿನಾ ಅದೇ ಕೆಲಸ.” ಅತ್ತೆ ಬಂದು ಮುಂದಿನ ಸೀಟಿನಲ್ಲಿ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡರು.

ಸೊಸೆ ಏರಿನತ್ತ ವ್ಯಾನು ಬಿಟ್ಟಳು. ಅತ್ತೆ ರೋಗಿಯ ಪಕ್ಕದಲ್ಲಿ ಕೂತವರಂತೆ ಎಣಿಸುತ್ತ ಹೋದರು: “ಸರಿ ಇದೆ... ಸರಿ ಇದೆ... ಇಳೀತಾ ಇದೆ. ಇನ್ನೂ ಇಳೀತು. ಅಯ್ಯೋ, ಬಿದ್ದೇ ಹೋಯ್ತು ಕಣೇ!” ಅಷ್ಟರಲ್ಲಿ ಬಿಕ್ಕಳಿಕೆ ಶುರುವಾಯಿತು. ಸೊಸೆ ವ್ಯಾನನ್ನು ಪಕ್ಕಕ್ಕೆ ಒತ್ತರಿಸಿದಳು. ಎಂಜಿನ್ ನಿಂತ ಕೂಡಲೇ ಮುಳ್ಳು ಸರ್ರನೆ ಸೊನ್ನೆಗೆ ಜಾರಿತು.

“ಆಫ್ ಮಾಡಿದರೂ ಸ್ವಲ್ಪ ಹೊತ್ತು ಒತ್ತಡ ನಿಂತಿರಬೇಕಿತ್ತು ಅತ್ತೆ. ಎಲ್ಲೋ ಸೋರ್ತಿದೆ. ಆದರೆ ನಾನು ಒಂದೊಂದು ಜಾಯಿಂಟನ್ನೂ ಒಣಬಟ್ಟೆಯಲ್ಲಿ ಒರೆಸಿ ನೋಡಿದೀನಿ. ಕೆಳಗೆ ಪೇಪರ್ ಹಾಸಿ ಇಡೀ ರಾತ್ರಿ ಬಿಟ್ಟಿದೀನಿ. ಒಂದು ಹನಿ ಇಲ್ಲ, ವಾಸನೆ ಕೂಡ ಇಲ್ಲ.” ಸೊಸೆ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. “ನೀವು ಹೇಳಿದ್ದೇ ಸರಿಯಿತ್ತೇನೋ. ಗುಜರಿಗೇ ಹಾಕಬೇಕಿತ್ತು.”

ಅತ್ತೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹುಬ್ಬು ಗಂಟಿಕ್ಕಿ ಗಾಜಿನ ಆಚೆಗಿನ ಮುಳ್ಳನ್ನೇ ನೋಡುತ್ತಿದ್ದರು.

“ಬಿ.ಪಿ. ಬೀಳ್ತಾ ಇದೆ. ಮೈಮೇಲೆ ಗಾಯ ಇಲ್ಲ, ಹಾಸಿಗೆ ಮೇಲೆ ರಕ್ತ ಇಲ್ಲ. ಅಂಥವರು ಬಂದರೆ ನಾವು ಏನು ಅಂದ್ಕೋತೀವಿ ಗೊತ್ತಾ? ಒಳಗೇ ಸುರೀತಿದೆ ಅಂತ. ಹೊಟ್ಟೆಯೊಳಗೆ.”

ಸೊಸೆಗೆ ಥಟ್ಟನೆ ಹೊಳೆಯಿತು. ಟ್ಯಾಂಕು! ಟ್ಯಾಂಕಿನೊಳಗೇ ಸೋರಿದರೆ ಪೆಟ್ರೋಲು ಪೆಟ್ರೋಲಿಗೇ ಬೀಳುತ್ತದೆ. ಹನಿಯೆಲ್ಲಿ ಕಾಣಬೇಕು, ವಾಸನೆಯೆಲ್ಲಿ ಬರಬೇಕು?

“ಅತ್ತೆ, ಇಲ್ಲೇ ಇರಿ. ನಾನು ಕೂಗಿದ ತಕ್ಷಣ ಕೀ ಆಫ್ ಮಾಡಿ.”

ಎಂಜಿನ್ ಸ್ಟಾರ್ಟ್ ಮಾಡಿ, ಇಕ್ಕಳ ಹಿಡಿದು ವ್ಯಾನಿನಡಿ ತೂರಿಕೊಂಡಳು. ಟ್ಯಾಂಕಿನಿಂದ ಹೊರಡುವ ಮೆದು ಪೈಪನ್ನು ಬಟ್ಟೆ ಸುತ್ತಿ ಅಮುಕಿ ಹಿಡಿದು, “ಆಫ್!” ಎಂದು ಕೂಗಿದಳು. ಎಂಜಿನ್ ನಿಂತಿತು.

“ಮುಳ್ಳು ಏನಾಯ್ತು ಅತ್ತೆ?”

“ಕಲ್ಲಿನ ಹಾಗೆ ನಿಂತಿದೆ!”

“ಈಗ ಬಿಡ್ತೀನಿ, ನೋಡಿ.”

“ಬಿತ್ತು! ಪೂರ್ತಿ ಬಿತ್ತು!” ಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟ ನರ್ಸನ್ನು ಆ ರಸ್ತೆ ಕಂಡಿರಲಿಕ್ಕಿಲ್ಲ.

ಹಾಗಾದರೆ ಎಂಜಿನ್ ಕಡೆ ಎಲ್ಲ ಗಟ್ಟಿ. ರೋಗ ಇರುವುದು ಟ್ಯಾಂಕಿನಲ್ಲೇ. ಹಿತ್ತಲಿಗೆ ವಾಪಸಾಗಿ, ಬ್ಯಾಟರಿಯ ತಂತಿ ಬಿಚ್ಚಿ, ಬೆಂಕಿಪೊಟ್ಟಣ ಇಟ್ಟುಕೊಳ್ಳುವ ಮಾವನನ್ನು ಅತ್ತೆ ಒಂದೇ ನೋಟದಲ್ಲಿ ಒಳಗಟ್ಟಿದ ಮೇಲೆ, ಸೊಸೆ ಪಂಪನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ಪಂಪಿಗೂ ಮುಚ್ಚಳಕ್ಕೂ ನಡುವಿನ ಗೇಣುದ್ದದ ರಬ್ಬರ್ ಪೈಪು ನೆನೆದ ಕಡಲೆಯಂತೆ ಉಬ್ಬಿಕೊಂಡಿತ್ತು. ಬೆರಳಿಂದ ಒತ್ತಿದರೆ ಬಾಯಿ ಬಿಡುವ ಉದ್ದನೆಯ ಸೀಳು.

“ಥೂ ನನ್ನ!” ಎಂದು ಸೊಸೆ ಹಣೆ ಚಚ್ಚಿಕೊಂಡಳು. “ಇದು ಹೊರಗಡೆ ಹಾಕೋ ಪೈಪು ಅತ್ತೆ. ಒಳಗೆ ಪೆಟ್ರೋಲ್ ಹರಿದರೆ ತಡ್ಕೊಳ್ಳತ್ತೆ, ಪೆಟ್ರೋಲಲ್ಲೇ ಮುಳುಗಿಸಿಟ್ಟರೆ ತಡ್ಕೊಳ್ಳಲ್ಲ. ಕೈಗೆ ಸಿಕ್ಕಿದ್ದನ್ನ ಹಾಕಿಬಿಟ್ಟಿದೀನಿ. ಮಾವ ಬೇರೆ ಪಕ್ಕದಲ್ಲಿ ನಿಂತು ‘ಆಯ್ತಾ, ಆಯ್ತಾ’ ಅಂತಿದ್ರು.”

“ಅವರು ಹೆರಿಗೆ ವಾರ್ಡಿನ ಹೊರಗೂ ಹಾಗೇ ನಿಂತಿದ್ದರು,” ಎಂದರು ಅತ್ತೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದಿಗೆ ಗಂಡ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಬಂದು, ಏನೂ ಅರ್ಥವಾಗದೆ ತಾನೂ ನಕ್ಕು ಹೋದ.

ಮುಳುಗಿದ್ದರೂ ಜಗ್ಗದ ಪೈಪನ್ನು ಸೊಸೆ ಮರುದಿನ ಗ್ಯಾರೇಜಿನಿಂದ ತಂದಳು. ಅತ್ತೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಭಾರವಿಲ್ಲದೆ ಪರೀಕ್ಷೆಯಾಗದೆಂದು ಹಿಂದೆ ಹಿಟ್ಟಿನ ಮೂಟೆಗಳನ್ನು ಒಟ್ಟಿ, ಮೂವರೂ ಮುಂದೆ ಒತ್ತೊತ್ತಾಗಿ ಕೂತರು. ಸ್ಟಿಯರಿಂಗ್ ಮಾವನ ಕೈಯಲ್ಲಿ. ಅತ್ತೆಯ ಕಣ್ಣು ಮುಳ್ಳಿನ ಮೇಲೆ. “ಸರಿ ಇದೆ... ಸರಿ ಇದೆ...” ಅರ್ಧ ಏರು ಬಂತು, ಹೋಯಿತು. “ಸರಿ ಇದೆ. ಒತ್ರೀ, ಇನ್ನೂ ಒತ್ರೀ!” ಹಿರಿಯಕ್ಕ ಹೂಂಕರಿಸುತ್ತ ನೆತ್ತಿಗೇರಿದಳು. ಮಾವ ಹಾರ್ನಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ.

ಮೇಲಿನ ಬೀದಿಯ ಅಂಗಡಿಯವಳು ಸದ್ದು ಕೇಳಿ ಓಡಿಬಂದಳು. “ಅಂತೂ ಬಂತಲ್ಲಪ್ಪ ವ್ಯಾನು!” ಎನ್ನುತ್ತ ಹಿಂಬಾಗಿಲು ತೆರೆದವಳು ಮೂಟೆಗಳನ್ನು ನೋಡಿ ಬೆಪ್ಪಾದಳು. “ಬ್ರೆಡ್ಡೆಲ್ಲಿ?”

ಮಾವ ನಾಲಗೆ ಕಚ್ಚಿಕೊಂಡರು. ಬ್ರೆಡ್ಡು ಅಷ್ಟೂ ಕೆಳಗೆ ಬೇಕರಿಯಲ್ಲೇ ಉಳಿದಿತ್ತು.

“ಹಿಟ್ಟು ತಂದಿದೀವಿ,” ಎಂದರು ಅತ್ತೆ ಗಂಭೀರವಾಗಿ. “ಇವತ್ತೊಂದು ದಿನ ನೀವೇ ಮಾಡ್ಕೊಳ್ಳಿ.” ಆಮೇಲೆ ಸೊಸೆಯತ್ತ ತಿರುಗಿ, “ನಡಿಯೇ, ಇನ್ನೊಂದು ಸಲ ಹತ್ತಿಸೋಣ. ಈ ಸಲ ಗಾಡಿ ನೀನು ಬಿಡು. ಅವರು ಹಿಂದೆ ಮೂಟೆ ಮೇಲೆ ಕೂರಲಿ,” ಎಂದರು.