ಆಮೆನ್ ಅಂದ ಮೇಲೆ

ಆ ಮಿಷನ್ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಏಳೂವರೆಗೆ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ವರಾಂಡದ ಬೆಂಚುಗಳ ಮೇಲೆ ಸೇರಿ, ತಮ್ಮ ತಮ್ಮ ಕಷ್ಟಗಳನ್ನು ದೇವರ ಮುಂದೆ ಇಡುತ್ತಿದ್ದರು. ಒಬ್ಬರು ಹೇಳುವುದು, ಉಳಿದವರು ಆಮೆನ್ ಅನ್ನುವುದು. ಒಬ್ಬರ ಸೊಂಟನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಸೋರುವ ಸೂರು, ಮುನಿಸಿಕೊಂಡ ನೀರಿನ ಪಂಪು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಆ ಸೋಮವಾರ ಸ್ಟೋರ್ ನೋಡಿಕೊಳ್ಳುವ ಮಾಮ ಎದ್ದು ನಿಂತು, "ಆಕ್ಸಿಜನ್ ಸಿಲಿಂಡರ್ ಒಂದೇ ಉಳಿದಿದೆ, ಪ್ರಾರ್ಥನೆ ಮಾಡಿ" ಅಂದರು. ಎಲ್ಲರೂ ಆಮೆನ್ ಅಂದರು. ಮಂಗಳವಾರ ಮತ್ತೆ ಹೇಳಿದರು; ಮತ್ತೆ ಆಮೆನ್. ಬುಧವಾರವಂತೂ ಡಾಕ್ಟರಮ್ಮನ ಆಮೆನ್ ಎಲ್ಲರಿಗಿಂತ ಜೋರಾಗಿತ್ತು. ದೇವರ ಕಿವಿಗೆ ಹಾಕಿ ಆಯಿತಲ್ಲ ಎಂಬ ನೆಮ್ಮದಿಯಲ್ಲಿ, ಸಿಲಿಂಡರ್ ತರಲು ವ್ಯಾನ್ ಕಳಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ನ್ಯುಮೋನಿಯಾ. ಪ್ರತಿ ಉಸಿರಿಗೂ ಮಗುವಿನ ಪಕ್ಕೆಗಳ ಕೆಳಗೆ ಗುಳಿ ಬೀಳುತ್ತಿತ್ತು. ತುಟಿ ನೇರಳೆಗೆ ತಿರುಗಿತ್ತು. ಮೂಗಿಗೆ ನಳಿಕೆ ಇಟ್ಟು ಆಕ್ಸಿಜನ್ ಬಿಟ್ಟ ಮೇಲೆ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು ತಲೆಯೆತ್ತಿದವಳು ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ನೋಡಿದಳು. ಅದು ಅರ್ಧಕ್ಕಿಂತ ಬಹಳ ಕೆಳಗಿತ್ತು.

"ಮಾಮ, ಹೊಸ ಸಿಲಿಂಡರ್ ಎಲ್ಲಿ?"

"ಹೇಳಿದ್ನಲ್ಲಮ್ಮ, ಮೂರು ದಿವಸದಿಂದ."

"ಯಾರಿಗೆ ಹೇಳಿದ್ರಿ?"

ಮಾಮ ಮೆಲ್ಲಗೆ ಚಾವಣಿಯ ಕಡೆ ನೋಡಿದರು.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತೋ ಏನೋ. ಬೈಯೋಣವೆಂದು ಬಾಯಿ ತೆರೆದವಳಿಗೆ ನಿನ್ನೆಯ ತನ್ನದೇ ಆಮೆನ್ ನೆನಪಾಯಿತು.

ಹಿರಿಯ ನರ್ಸ್ ದೊಡ್ಡಕ್ಕ ಗಡಿಯಾರ ನೋಡಿದರು. ಹತ್ತು ಗಂಟೆ. ಸಿಲಿಂಡರ್ ತುಂಬಿಸುವ ಊರಿಗೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹರಿವನ್ನು ಅರ್ಧಕ್ಕೆ ಇಳಿಸಿದರೂ ಇದ್ದದ್ದು ಮಧ್ಯಾಹ್ನ ಒಂದರ ತನಕ ಬಂದರೆ ಹೆಚ್ಚು. ಮಗುವನ್ನೇ ವ್ಯಾನಿನಲ್ಲಿ ಕಳಿಸೋಣವೆಂದರೆ ಆ ರಸ್ತೆ ಗಟ್ಟಿ ಆಳಿನ ಎಲುಬನ್ನೇ ಸಡಿಲ ಮಾಡುವಂಥದ್ದು. ನಡುದಾರಿಯಲ್ಲಿ ಮಗು ಕುಸಿದರೆ ಕೈಗೆ ಏನೂ ಸಿಗದು.

"ಇಲ್ಲೇ ಇಟ್ಕೊಳ್ಳೋಣ," ಎಂದಳು ಡಾಕ್ಟರಮ್ಮ. ಹೇಳಿದ ಮರುಗಳಿಗೆಯೇ, ಇದು ಸರಿಯೇ ಎಂದು ಒಳಗೊಳಗೇ ಹೊಯ್ದಾಟ ಶುರುವಾಯಿತು.

ಡ್ರೈವರಣ್ಣ ಎರಡು ಖಾಲಿ ಸಿಲಿಂಡರ್ ಹಾಕಿಕೊಂಡು ಹೊರಟ. ಕಿಟಕಿಯಿಂದ ಕತ್ತು ಚಾಚಿ, "ದಾರೀಲಿ ಎಲ್ಲೂ ನಿಲ್ಲಲ್ಲಮ್ಮ, ಟೀಗೂ ನಿಲ್ಲಲ್ಲ" ಎಂದ. ಟೀ ಎಂದರೆ ಪ್ರಾಣ ಬಿಡುವ ಮನುಷ್ಯ ಅವನು. ಅದಕ್ಕಿಂತ ದೊಡ್ಡ ಆಣೆ ಅವನ ಬಳಿ ಇರಲಿಲ್ಲ.

ಆಮೇಲೆ ಉಳಿದದ್ದು ಕಾಯುವ ಕೆಲಸ. ಡಾಕ್ಟರಮ್ಮ ಮಗುವಿನ ತಲೆಯನ್ನು ತುಸು ಎತ್ತರಿಸಿಟ್ಟಳು, ಮೂಗಿನ ಸಿಂಬಳ ತೆಗೆದಳು, ಗೋಡೆ ಗಡಿಯಾರ ನೋಡುತ್ತಾ ಉಸಿರು ಎಣಿಸಿದಳು. ನಡುನಡುವೆ ಪ್ರಾರ್ಥಿಸಲು ಹೋದಳು, ಮಾತೇ ಕೂಡಲಿಲ್ಲ. ಮೊದಲೆಲ್ಲ ಕಣ್ಣು ಮುಚ್ಚಿದರೆ ಒಳಗೊಂದು ತಂಪು ಇಳಿಯುತ್ತಿತ್ತು. ದೇವರ ಮೇಲೆ ಭಾರ ಹಾಕುವುದೆಂದರೆ ಆ ತಂಪೇ ಎಂದು ಇಷ್ಟು ದಿನ ನಂಬಿದ್ದಳು. ಇವತ್ತು ಕಣ್ಣು ಮುಚ್ಚಲೂ ಭಯ. ಮುಚ್ಚಿದರೆ ಎಣಿಕೆ ತಪ್ಪುತ್ತದೆ. ಕೊನೆಗೆ ಕಣ್ಣು ತೆರೆದೇ, ತುಟಿಯಾಡಿಸದೆ, ಇಷ್ಟೇ ಹೇಳಿದಳು: ತಂದೆಯೇ, ತಪ್ಪು ನಮ್ಮದು, ಮಗು ನಿನ್ನದು.

"ಎಷ್ಟು ಸಲ ಆ ಗಡಿಯಾರ ನೋಡ್ತೀರಿ ಡಾಕ್ಟರಮ್ಮ?" ಮಂಚದ ಪಕ್ಕದಿಂದ ಅಜ್ಜಿ ಕೇಳಿದಳು. "ನಿಮ್ಮ ಮದುವೆ ಮುಹೂರ್ತ ಏನಾದ್ರೂ ಇದೆಯಾ?"

ದೊಡ್ಡಕ್ಕ ನಗು ತಡೆದುಕೊಂಡು ಹೊರಗೆ ಹೋದರು. ಡಾಕ್ಟರಮ್ಮ ಮತ್ತೆ ಉಸಿರು ಎಣಿಸತೊಡಗಿದಳು.

ಹನ್ನೆರಡೂ ಮುಕ್ಕಾಲಿಗೇ ಮುಳ್ಳು ತಳ ಮುಟ್ಟಿತು. ಆಕ್ಸಿಜನ್ ಹಾದು ಬರುವ ನೀರಿನ ಬಾಟಲಿಯಲ್ಲಿ ಏಳುತ್ತಿದ್ದ ಗುಳ್ಳೆಗಳು ಒಂದೊಂದಾಗಿ ತಡವರಿಸಿ ನಿಂತವು. ಮಗುವಿನ ಮೂಗಿನ ಹೊಳ್ಳೆಗಳು ಮತ್ತೆ ಅರಳತೊಡಗಿದವು.

ಅಷ್ಟರಲ್ಲಿ ವರಾಂಡದಲ್ಲಿ ಗಡಗಡ ಸದ್ದು. ಮಾಮ ಒಂದು ಸಿಲಿಂಡರನ್ನು ಓರೆ ಮಾಡಿ ಉರುಳಿಸಿಕೊಂಡು ಬರುತ್ತಿದ್ದರು. ಮೈಯೆಲ್ಲ ಬೆವರು, ಅಂಗಿಯ ತುಂಬ ಜೇಡರ ಬಲೆ.

"ಖಾಲಿದು ಯಾಕೆ ತಂದ್ರಿ ಮಾಮ?" ಡಾಕ್ಟರಮ್ಮ ಕೇಳಿದಳು.

"ಪೂರ್ತಿ ಖಾಲಿ ಆಗಿರಲ್ಲಮ್ಮ. ನಂಗೆ ಮೊದಲಿಂದ ಹೆದರಿಕೆ ಜಾಸ್ತಿ. ಮುಳ್ಳು ಕೆಂಪಿಗೆ ಬರೋದ್ರೊಳಗೇ ಬಿಚ್ಚಿ ಎತ್ತಿಡ್ತೀನಿ. ತಳದಲ್ಲಿ ಒಂದು ಗುಟುಕು ಇರತ್ತೆ. ಶೆಡ್ಡಲ್ಲಿ ಇನ್ನೂ ಮೂರಿವೆ."

"ಈ ಅಭ್ಯಾಸಕ್ಕೇ ವರ್ಷವೆಲ್ಲ ನನ್ನ ಹತ್ತಿರ ಬೈಸ್ಕೊಂಡಿದ್ದಾರೆ," ಎಂದರು ದೊಡ್ಡಕ್ಕ. ಸ್ಪ್ಯಾನರನ್ನು ಆಗಲೇ ಕೈಗೆತ್ತಿಕೊಂಡಾಗಿತ್ತು.

ಮೊದಲನೆಯದು ಇಪ್ಪತ್ತು ನಿಮಿಷ ಬಂತು. ಎರಡನೆಯದು ಎಂಟೇ ನಿಮಿಷ. ಮೂರನೆಯದು ಹದಿನೈದು. ಒಂದು ಬಿಚ್ಚಿ ಇನ್ನೊಂದು ಸೇರಿಸುವಷ್ಟರಲ್ಲಿ ಮಗುವಿನ ತುಟಿ ಬಾಡುವುದು, ಮತ್ತೆ ಬಣ್ಣ ಏರುವುದು. ಮಾಮ ಸಿಲಿಂಡರ್ ಹಿಡಿದು ನಿಂತರೆ ಡಾಕ್ಟರಮ್ಮ ತಿರುಪು ಬಿಗಿಯುವಳು. ಹಾಗೆ ಬಿಗಿಯುತ್ತಿದ್ದಾಗ ಅವಳಿಗೆ ಒಂದು ವಿಷಯ ಹೊಳೆಯಿತು: ಭಯ ಇದ್ದೇ ಇದೆ, ಆದರೂ ತಾನು ಒಬ್ಬಂಟಿ ಅನ್ನಿಸುತ್ತಿಲ್ಲ.

ಅರ್ಧ ಗಂಟೆ ದಾಟಿಸಿದ ನಾಲ್ಕನೆಯ ಸಿಲಿಂಡರಿನ ಗುಳ್ಳೆಗಳು ಸಣ್ಣಗಾಗುತ್ತಿದ್ದಾಗ ವ್ಯಾನಿನ ಹಾರನ್ ಕೇಳಿತು. ಗೇಟಿನಿಂದ ವಾರ್ಡಿನ ಬಾಗಿಲ ತನಕ ಅದು ನಿಲ್ಲಲೇ ಇಲ್ಲ.

ತುಂಬಿದ ಸಿಲಿಂಡರ್ ಸೇರಿಸಿ ಅರ್ಧ ಗಂಟೆಯಾದ ಮೇಲೆ ಮಗು ಕಣ್ಣು ಬಿಟ್ಟು, ಮೂಗಿನ ನಳಿಕೆಯನ್ನು ಕೀಳಲು ಕೈ ಎತ್ತಿತು. ಅಷ್ಟು ಬಲ ಬಂದಿತ್ತು. ಅಪಾಯ ಪೂರ್ತಿ ಕಳೆಯಲು ಇನ್ನೂ ಎರಡು ದಿನ ಬೇಕು. ಈಗ ಸುಮ್ಮನೆ ಎದ್ದು ಹೋಗಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಅಜ್ಜಿಯ ಎದುರು ಕೂತಳು.

"ಅಜ್ಜಿ, ನಿಮಗೊಂದು ಮಾತು ಹೇಳ್ಬೇಕು. ಆಕ್ಸಿಜನ್ ಸೋಮವಾರವೇ ತರಿಸಬೇಕಾಗಿತ್ತು. ಗೊತ್ತಿದ್ದೂ ಸುಮ್ಮನಿದ್ವಿ. ದೇವರು ನೋಡ್ಕೊಳ್ತಾನೆ ಅಂದ್ಕೊಂಡು ನಾವು ಮಾಡೋ ಕೆಲಸ ಮಾಡಲಿಲ್ಲ. ಇವತ್ತು ನಿಮ್ಮ ಮಗು ಪಟ್ಟ ಪಾಡಿಗೆ ನಾನೇ ಕಾರಣ."

ಬಾಗಿಲ ಬಳಿ ನಿಂತಿದ್ದ ಮಾಮ ತಲೆ ತಗ್ಗಿಸಿದರು.

"ಗೊತ್ತು," ಎಂದಳು ಅಜ್ಜಿ. "ನಂಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಬೆಳಿಗ್ಗೆನೇ ಎಲ್ಲ ಕೇಳಿಸ್ಕೊಂಡೆ. ಎತ್ಕೊಂಡು ಹೊರಟುಬಿಡೋಣ ಅಂತ ಎರಡು ಸಲ ಎದ್ದೆ. ನಿಮ್ಮ ದೇವರನ್ನ ನಾನು ಕಂಡಿಲ್ಲ. ನೀವು ಮಗು ಬಿಟ್ಟು ಕದಲಲಿಲ್ಲ, ಅದನ್ನ ಕಂಡೆ."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಮಂಡಿ ಹಿಡಿದು ಎದ್ದಳು. ಮಗುವನ್ನು ನಳಿಕೆ ಜಗ್ಗದ ಹಾಗೆ ಮೆತ್ತಗೆ ಎತ್ತಿ ಡಾಕ್ಟರಮ್ಮನ ಮಡಿಲಿಗೆ ಹಾಕಿದಳು.

"ಸ್ವಲ್ಪ ಹಿಡ್ಕೊಂಡಿರಿ. ಬೆಳಿಗ್ಗೆಯಿಂದ ಮುಖ ತೊಳೆದಿಲ್ಲ ನಾನು."