ಗೆರೆಯಾಚೆಯ ಸನ್ನೆ

ವೇಡ್ ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿಡಿಯೋವನ್ನು ಮತ್ತೆ ಹಿಂದಕ್ಕೆ ಓಡಿಸಿದ. ಚೆಂಡು ಕದಲುವ ಮುಂಚೆ ಹನ್ನೊಂದು ಹುಡುಗರೂ ಗೆರೆಯಾಚೆ ನಿಂತ ಸಹಾಯಕ ಕೋಚ್, ಅಂದರೆ ಅವನ ಕಡೆ ತಿರುಗಿ ಕೈಸನ್ನೆ ನೋಡಿಕೊಳ್ಳಬೇಕು. ತಿರುಗಿದ್ದರು, ನಿಜ. ಆದರೆ ಆ ಹೆಲ್ಮೆಟ್ಟುಗಳು ನೋಡುತ್ತಿದ್ದದ್ದು ಅವನನ್ನಲ್ಲ, ಅವನ ಎಡಕ್ಕೆ ಒಂದಾಳು ನಿಲ್ಲುವಷ್ಟು ಖಾಲಿ ಜಾಗವನ್ನು.

ಬೆಳಿಗ್ಗೆ ದೊಡ್ಡ ಕಾಲೇಜಿನಿಂದ ಫೋನ್ ಬಂದಿತ್ತು. "ಎದುರಾಳಿ ಮನಸ್ಸನ್ನೇ ಓದ್ತಾರಲ್ಲ ಮಾರಾಯ ನಿನ್ನ ಹುಡುಗ್ರು! ನಮ್ಮಲ್ಲಿಗೆ ಬಂದ್ಬಿಡು." ಆ ಹೊಗಳಿಕೆಯ ಗುಂಗಿನಲ್ಲೇ, ತನ್ನ ಪ್ರತಾಪ ನೋಡಿಕೊಳ್ಳಲು ಅವನು ಹಳೆಯ ಪಂದ್ಯ ಹಾಕಿದ್ದು. ಈಗ ನೋಡಿದರೆ, ತಾನು 'ಮುನ್ನುಗ್ಗಿ' ಎಂದು ಮುಷ್ಟಿ ತೋರಿಸಿದ್ದಾನೆ, ಹುಡುಗರು ಹಿಂದೆ ಸರಿದು ಚೆಂಡನ್ನು ಗಾಳಿಯಲ್ಲೇ ಕಿತ್ತುಕೊಂಡಿದ್ದಾರೆ. ಅಂದು ತಾನೂ ಕುಣಿದಿದ್ದ. ಗೆದ್ದವನು ಯಾಕೆ ಗೆದ್ದೆ ಎಂದು ಕೇಳುವುದುಂಟೇ!

ತಾಲೀಮಿನಲ್ಲಿ ತಂಡದ ನಾಯಕ ಟ್ರೆವಾನ್‌ನನ್ನು ಹಿಡಿದು ಕೇಳಿದ. "ಸನ್ನೆಗೆ ಯಾರನ್ನ ನೋಡ್ತೀರೋ ನೀವು?"

"ನಿಮ್ಮನ್ನೇ ಕೋಚ್, ಇನ್ಯಾರನ್ನ?" ಹುಡುಗ ನಕ್ಕ. "ಆ ಹಳೇ ಕೆಂಪು ಟೋಪಿ ಹಾಕ್ಕೊಂಡ್ರೆ ದೂರದಿಂದ್ಲೂ ಕಾಣ್ತೀರ ಬಿಡಿ."

ವೇಡ್‌ನ ಟೋಪಿ ನೀಲಿ. ಕೆಂಪು ಟೋಪಿ ಆರ್ವಿಲ್‌ದು. ಇದೇ ಕೆಲಸದಲ್ಲಿ, ಮೈದಾನಕ್ಕೆ ಗೆರೆ ಬಳಿದು, ಹುಡುಗರ ಬೆವರು ಬಟ್ಟೆ ಒಗೆದು ಮುದುಕನಾದವನು. ಈ ಹುಡುಗರು ಕಾಲೇಜಿಗೆ ಬರುವ ಮೊದಲೇ ತೀರಿಕೊಂಡಿದ್ದ. "ದೊಡ್ಡೋರು ಒಂದ್ಸಲ ಫೋನ್ ಮಾಡ್ಲಿ ಅಂತ ಕಾದೆ ಕಣಯ್ಯ," ಎಂದು ವೇಡ್‌ಗೆ ಹೇಳುತ್ತಿದ್ದ. "ಮಾಡ್ಲೇ ಇಲ್ಲ ನೋಡು."

ಮನೆಯಲ್ಲಿ ಹೆಂಡತಿ ಮಾರ್ಲಾ ಆಗಲೇ ಪೆಟ್ಟಿಗೆ ತಂದಿಟ್ಟಿದ್ದಳು. "ಬೆಕ್ಕು ಮರಿ ಕಚ್ಕೊಂಡು ಮನೆಮನೆ ತಿರುಗೋ ಹಾಗೆ ನಮ್ಮನ್ನ ಊರೂರು ತಿರುಗಿಸ್ದೆ. ಇದೊಂದಕ್ಕೆ ಬರ್ತೀನಿ. ಆ ಕೆಲಸಾನೂ ಬಿಟ್ರೆ ನನ್ನನ್ನ ಮತ್ತೆ ಕರೀಬೇಡ."

ಅಲ್ಲಿಗೆ ಹೋಗಿ ಒಬ್ಬನೇ ಸನ್ನೆ ಮಾಡಿದರೆ ತನ್ನ ಬಣ್ಣ ಬಯಲಾಗುತ್ತದೆಂದು ಅವಳಿಗೆ ಹೇಗೆ ಹೇಳುವುದು? ವೇಡ್‌ಗೆ ಊಟ ಸೇರಲಿಲ್ಲ.

ಕೊನೆಯ ಪಂದ್ಯದಲ್ಲಿ ಅವನು ಆ ಖಾಲಿ ಜಾಗದಲ್ಲೇ ಹೋಗಿ ನಿಂತ. ಅಲ್ಲಿ ಗಾಳಿ ಬೀಸುತ್ತಿರಲಿಲ್ಲ. ಹುಡುಗರು ನೇರ ತನ್ನನ್ನೇ ನೋಡಿದಂತೆನಿಸಿತು, ಪಂದ್ಯವನ್ನೂ ಗೆದ್ದರು. ಇದು ನನ್ನದೇ ವಿದ್ಯೆ ಎಂದು ಅವನ ಎದೆಯುಬ್ಬಿತು.

ಆಮೇಲೆ ಹಾಕಿ ನೋಡಿದ ಆ ಪಂದ್ಯದ ವಿಡಿಯೋದಲ್ಲಿ ಅವನು ಆ ಜಾಗದಲ್ಲೇ ಇದ್ದ. ಹೆಲ್ಮೆಟ್ಟುಗಳು ಮಾತ್ರ ಅವನ ಎಡಕ್ಕೆ, ಇನ್ನೊಬ್ಬ ನಿಲ್ಲುವಷ್ಟು ಆಚೆಗೆ ತಿರುಗಿದ್ದವು. ಮೊದಲು ನಾಚಿಕೆಯಾಯಿತು. ಹೆದರಿಕೆ ಆಮೇಲೆ ಬಂತು.

ಒಲ್ಲೆ ಎನ್ನಲೆಂದೇ ಅವನು ಕೋಚ್ ಕೋಣೆಯ ಫೋನ್ ಎತ್ತಿಕೊಂಡ. ಆ ಕಡೆ ರಿಂಗಾಗುತ್ತಿರುವಾಗ, ಇಂಥದೇ ಒಂದು ಕರೆಗಾಗಿ ಇದೇ ಕುರ್ಚಿಯಲ್ಲಿ ಕೂತು ಕಾದ ಮುದುಕ ಆರ್ವಿಲ್ ನೆನಪಾದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಎಡಕ್ಕೆ ತಿರುಗಿ, ಮೆಲ್ಲನೆ, "ಹೋಗೋಣ್ವಾ?" ಎಂದ. ಆಮೇಲೆ ಫೋನಿನಲ್ಲಿ ಒಪ್ಪಿಕೊಂಡ.

ಹೊರಡುವ ದಿನ ಮಾರ್ಲಾ ಸಾಮಾನಿನ ಲಾರಿ ಓಡಿಸುತ್ತಾ ಮುಂದೆ ಹೋದಳು. ವೇಡ್ ಕಾರಿನಲ್ಲಿ ಹಿಂದೆ. ಮೈದಾನದ ಬೇಲಿ ದಾಟುವಾಗ ಕಾರು ಟಿಣ್ ಟಿಣ್ ಎನ್ನತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕಿಲ್ಲವೆಂದು. ಪಕ್ಕದ ಸೀಟಿನಲ್ಲಿ ಒಂದು ಚೀಲವೂ ಇರಲಿಲ್ಲ. ವೇಡ್ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿ, ಬೆಲ್ಟನ್ನು ಎಳೆದು ಸಿಕ್ಕಿಸಿದ. ಸದ್ದು ನಿಂತಿತು.